ಚಿಕ್ಕ ಭಾವನ ಸಂಪು ಸಂಶೋಧನೆ

ನನಗೆ ಇಬ್ಬರು ಅಕ್ಕಂದಿರು, ಆದ್ದರಿಂದ ಇಬ್ಬರು ಭಾವಂದಿರು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ದೊಡ್ಡ ಭಾವ ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್. ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಯ ನಲ್ಲಿ ತಿರುಗಿಸಿ, "ಪ್ರೆಷರ್ ಸಾಲದು" ಎಂದು ತೀರ್ಪು ಕೊಟ್ಟು, ಆಮೇಲೆ ಕ್ಷೇಮ ಸಮಾಚಾರ ಕೇಳುವ ಮನುಷ್ಯ. ಚಿಕ್ಕ ಭಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗುಮಾಸ್ತ. ಅವರು ಯಾರ ಮನೆಗೆ ಹೋದರೂ ಮೊದಲು ಬಾಗಿಲ ಹೊರಗೆ ದೊಡ್ಡ ಭಾವನ ಬೂಟು ಇದೆಯೇ ಎಂದು ನೋಡುತ್ತಾರೆ. ಇದ್ದರೆ ಅವರಿಗೆ ತಟ್ಟನೆ ಏನೋ ಮರೆತು ಬಂದದ್ದು ನೆನಪಾಗುತ್ತದೆ.

ನಾನೂ ಚಿಕ್ಕ ಭಾವನೂ ಒಂದೇ ಕಟ್ಟಡದಲ್ಲಿ ಇರುವುದು. ಅವರದು ನೆಲ ಮಹಡಿ, ನಮ್ಮದು ಅದರ ಮೇಲಿನದು. ಹಾಗಾಗಿ ಈಗ ಹೇಳುತ್ತಿರುವುದು ಯಾರೋ ಹೇಳಿ ನಾನು ಕೇಳಿದ್ದಲ್ಲ, ಬಕೆಟ್ ಹಿಡಿದುಕೊಂಡು ಖುದ್ದಾಗಿ ಅನುಭವಿಸಿದ್ದು.

ಮೊದಲು ಚಿಕ್ಕ ಭಾವ ವಿಜ್ಞಾನಿ ಆದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಅವರ ಕಾಲೇಜಿನ ಒಂದು ಲ್ಯಾಬಿನಲ್ಲಿ ನಾಲ್ಕಾರು ಜನ ಕೂತು ಒಂದು ಸಾಫ್ಟ್‌ವೇರ್ ಬರೆಯುತ್ತಾರೆ. ನೀರು ಮತ್ತು ಗಾಳಿ, ಎಣ್ಣೆ ಮತ್ತು ನೀರು, ಹೀಗೆ ಒಂದಕ್ಕೊಂದು ಬೆರೆಯದವು ಒಂದೇ ಕೊಳವೆಯಲ್ಲಿ ಹರಿಯಬೇಕಾಗಿ ಬಂದರೆ ಹೇಗೆ ನಡೆದುಕೊಳ್ಳುತ್ತವೆ ಅಂತ ಅದು ಲೆಕ್ಕ ಹಾಕಿ ಚಿತ್ರ ಬಿಡಿಸಿ ತೋರಿಸುತ್ತದೆ. (ಕೂಡು ಕುಟುಂಬದಲ್ಲಿ ಬೆಳೆದ ನನ್ನಂಥವರಿಗೆ ಇದಕ್ಕೆಲ್ಲ ಕಂಪ್ಯೂಟರ್ ಬೇಕಾಗುವುದಿಲ್ಲ, ಇರಲಿ.) ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆದುಕೊಂಡು ಬಳಸಬಹುದು. ಅಷ್ಟೇ ಅಲ್ಲ, ಒಳಗೆ ಬರೆದಿರುವುದನ್ನೆಲ್ಲ ಬಿಚ್ಚಿ ಓದಬಹುದು, ಸರಿ ಕಾಣದಿದ್ದರೆ ತಿದ್ದಬಹುದು. ದೇಶ ವಿದೇಶದ ಪಂಡಿತರೆಲ್ಲ ತಿದ್ದುತ್ತಾರಂತೆ. ಹಾಗೆ ನೆರವಾದವರ ಹೆಸರನ್ನೆಲ್ಲ ಇಂಟರ್ನೆಟ್ಟಿನಲ್ಲಿ ಒಂದು ಪುಟದಲ್ಲಿ ಹಾಕಿರುತ್ತಾರೆ.

ತೊಂದರೆ ಏನೆಂದರೆ, ಯಾರು ಬೇಕಾದರೂ ಬಳಸಬಹುದು ಅಂತ ಬರೆದಿದ್ದರೂ ಹೊಸಬರಿಗೆ ಅದನ್ನು ಶುರು ಮಾಡುವುದಕ್ಕೇ ಬರುತ್ತಿರಲಿಲ್ಲ. ಆ ಲ್ಯಾಬಿನಲ್ಲಿ ಒಬ್ಬರು ಸಂಶೋಧಕಿ ಇದ್ದಾರೆ. ಒಳ್ಳೆಯ ಹೆಣ್ಣುಮಗಳು, ಮಾತು ಸ್ವಲ್ಪ ನೇರ. "ಏನೂ ಗೊತ್ತಿಲ್ಲದ ಒಬ್ಬರು ಬೇಕು. ನಾವು ಬರೆದ ಸೂಚನೆಗಳನ್ನ ಒಂದೊಂದೇ ಓದ್ಕೊಂಡು ಮಾಡ್ತಾ ಹೋಗ್ಬೇಕು. ಎಲ್ಲೆಲ್ಲಿ ಸಿಕ್ಕಿಹಾಕ್ಕೋತಾರೋ ಅಲ್ಲಲ್ಲಿ ಹೇಳ್ಬೇಕು" ಎಂದು ಕಾಲೇಜಿನಲ್ಲೆಲ್ಲ ಹುಡುಕಿದರಂತೆ. ಪ್ರೊಫೆಸರುಗಳನ್ನು ಕೇಳಿದರೆ ಎಲ್ಲರೂ ತಮಗೆ ಗೊತ್ತು ಅಂದರು. ಕೊನೆಗೆ ಆಫೀಸಿನಲ್ಲಿ ನಮ್ಮ ಭಾವ ಸಿಕ್ಕಿದರು.

ಭಾವ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದರು. ಮೊದಲನೇ ಸಾಲಿನಲ್ಲೇ ಸಿಕ್ಕಿಹಾಕಿಕೊಂಡರು. ಎರಡನೇ ಸಾಲಿನಲ್ಲಿ ಕಂಪ್ಯೂಟರನ್ನೂ ಸಿಕ್ಕಿಸಿಹಾಕಿದರು. "ಇದು ಅರ್ಥ ಆಗ್ಲಿಲ್ಲ", "ಇದೂ ಅರ್ಥ ಆಗ್ಲಿಲ್ಲ", "ಹಿಂದಿನದು ಅರ್ಥ ಆಗಿದೆ ಅಂದ್ಕೊಂಡಿದ್ದೆ, ಆಗಿಲ್ಲ" ಎಂದು ಒಂದು ವಾರ ಬಿಡದೆ ಹೇಳಿದರು. ಆ ಸಂಶೋಧಕಿ ಅಷ್ಟನ್ನೂ ಬರೆದುಕೊಂಡು ಸೂಚನೆಗಳನ್ನು ಹೊಸದಾಗಿ ತಿದ್ದಿದರು. ಈಗ ಪ್ರಪಂಚದ ಯಾವ ಮೂಲೆಯವರಾದರೂ ಸಲೀಸಾಗಿ ಶುರು ಮಾಡಬಹುದಂತೆ. ಉಪಕಾರ ಸ್ಮರಣೆಗೆ ನೆರವಾದವರ ಪುಟದಲ್ಲಿ, ಆ ಪಂಡಿತರ ಹೆಸರುಗಳ ಕೆಳಗೆ, ಭಾವನ ಹೆಸರನ್ನೂ ಹಾಕಿದರು.

ಇಲ್ಲಿಗೆ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆ ಭಾನುವಾರ ದೊಡ್ಡ ಭಾವ ಚಿಕ್ಕಕ್ಕನ ಮನೆಗೆ ಊಟಕ್ಕೆ ಬಂದರು. ನಲ್ಲಿ ತಿರುಗಿಸಿದರು, ತೀರ್ಪು ಕೊಟ್ಟರು, ತಾವು ಕಟ್ಟಿಸುತ್ತಿರುವ ಪಂಪ್‌ಹೌಸ್ ವಿಷಯ ಎತ್ತಿದರು. ಊಟ ಮುಗಿದರೂ ಪಂಪ್‌ಹೌಸಿನ ಕಟ್ಟಡ ಇನ್ನೂ ಅಡಿಪಾಯದ ಮಟ್ಟದಲ್ಲೇ ಇತ್ತು. ಕೈ ತೊಳೆಯುತ್ತಾ ದೊಡ್ಡ ಭಾವ ಚಿಕ್ಕ ಭಾವನನ್ನು ಕೇಳಿದರು, "ನಿಮ್ಮ ಕಡೆ ಏನು ವಿಶೇಷ? ಅದೇ ಫೈಲು, ಅದೇ ಮೇಜಾ?"

ಚಿಕ್ಕ ಭಾವ ಫೋನ್ ತೆಗೆದು ಆ ಪುಟವನ್ನು ತೋರಿಸಿದರು. ದೊಡ್ಡ ಭಾವ ಕನ್ನಡಕ ಏರಿಸಿ ಓದಿದರು. ಇಳಿಸಿ ಓದಿದರು. "ಇದು ನೀವೇನಾ?" ಅಂದರು. "ನೀರು, ಗಾಳಿ ಒಟ್ಟಿಗೆ ಹರಿಯೋದ್ರ ಬಗ್ಗೆ," ಅಂದರು ಚಿಕ್ಕ ಭಾವ, ಬಹಳ ವಿನಯದಿಂದ. ಅಂಥ ವಿನಯವನ್ನು ನಾನು ಅವರಲ್ಲಿ ಅದುವರೆಗೆ ಕಂಡಿರಲಿಲ್ಲ. ಸಿಕ್ಕಿಹಾಕಿಕೊಂಡ ವಿಷಯವನ್ನು ಮಾತ್ರ ಅವರು ಎತ್ತಲಿಲ್ಲ.

ಚಿಕ್ಕಕ್ಕ ಇದನ್ನು ಯಾರಿಗೂ ಹೇಳಲಿಲ್ಲ. "ಯಾರಿಗೂ ಹೇಳ್ಬೇಡಿ, ಅವ್ರಿಗೆ ಇಷ್ಟ ಆಗಲ್ಲ" ಅಂತ ಮನೆ ಮನೆಗೆ ಹೋಗಿ ಕೇಳಿಕೊಂಡಳು, ಅಷ್ಟೇ. ಸಂಜೆ ಹೊತ್ತಿಗೆ ಮೆಟ್ಟಿಲ ಮೇಲೆ ಎದುರಾದವರೆಲ್ಲ ಭಾವನಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು.

ಈಗ ನೀರಿನ ವಿಷಯಕ್ಕೆ ಬರೋಣ. ನಮ್ಮ ಕಟ್ಟಡದ ಅಂಗಳದಲ್ಲಿ ನೆಲದಡಿ ಒಂದು ಸಂಪು ಇದೆ. ಬೀದಿ ಪೈಪಿನ ನೀರು ಅದಕ್ಕೆ ಬೀಳುತ್ತದೆ, ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ಎಲ್ಲ ಮನೆಗೂ ಇಳಿಯುತ್ತದೆ. ಕೆಲವು ವಾರಗಳಿಂದ ಪಂಪು ಎಷ್ಟು ಹೊತ್ತು ಓಡಿದರೂ ಟ್ಯಾಂಕು ತುಂಬುತ್ತಿರಲಿಲ್ಲ. ಕೆಳಗಿನ ಮನೆಗಳಿಗೆ ಹೇಗೋ ಸಣ್ಣಗೆ ಬರುತ್ತಿತ್ತು. ಎಲ್ಲಕ್ಕಿಂತ ಮೇಲಿನ ಮನೆಯಲ್ಲಿ ಮಾತ್ರ ನಲ್ಲಿ ತಿರುಗಿಸಿದರೆ ಮೊದಲು ಖೊರ್ ಎಂದು ಕೆಮ್ಮುತ್ತಿತ್ತು, ಆಮೇಲೆ ಒಂದು ಲೋಟ ನೀರು ಉಗಿಯುತ್ತಿತ್ತು, ಮತ್ತೆ ಕೆಮ್ಮು.

ಆ ಮೇಲಿನ ಮನೆಯಲ್ಲಿ ಇರುವವರು ನಿವೃತ್ತ ಟೀಚರ್. ಒಂಟಿ ಜೀವ. ಕೆಲಸಕ್ಕೆ ಹೋಗುವ ತಂದೆ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಾರೆ. ಅದರಲ್ಲಿ ನನ್ನ ಮಗಳೂ ಒಬ್ಬಳು. ಮಕ್ಕಳೆಂದರೆ ಗೊತ್ತಲ್ಲ, ಒಂದನ್ನು ತೊಳೆದು ಒರೆಸಿ ಇಳಿಸುವಷ್ಟರಲ್ಲಿ ಇನ್ನೊಂದು ರೆಡಿಯಾಗಿರುತ್ತದೆ. ನೀರಿಲ್ಲದೆ ಆ ಕೆಲಸ ಸಾಧ್ಯವೇ ಇಲ್ಲ. ಟೀಚರ್ ಆ ವಯಸ್ಸಿನಲ್ಲಿ ಸಂಪಿನಿಂದ ಬಕೆಟ್ ಹೊತ್ತು ಮೂರು ಮಹಡಿ ಹತ್ತುತ್ತಿದ್ದರು. ತಂದೆ ತಾಯಂದಿರು ನೋಡುವಷ್ಟು ನೋಡಿ, "ಮುಂದಿನ ಸೋಮವಾರದೊಳಗೆ ನೀರು ಸರಿ ಹೋಗ್ದಿದ್ರೆ ಮಕ್ಕಳನ್ನ ಬೇರೆ ಕಡೆ ಸೇರಿಸ್ತೀವಿ ಟೀಚರ್, ಬೇಜಾರು ಮಾಡ್ಕೋಬೇಡಿ" ಅಂದುಬಿಟ್ಟಿದ್ದರು. ಟೀಚರಿಗೆ ಬೇರೆ ಆಧಾರ ಇರಲಿಲ್ಲ, ಮಕ್ಕಳು ಹೋದರೆ ಮಾತಾಡುವುದಕ್ಕೂ ಯಾರೂ ಇರಲಿಲ್ಲ.

ನಮ್ಮ ಕಟ್ಟಡದ ಸಂಘಕ್ಕೆ ಒಬ್ಬರು ಕಾರ್ಯದರ್ಶಿ ಇದ್ದಾರೆ. ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಯಿತು, ಮೀಟಿಂಗಿನಿಂದ ಆಗಿಲ್ಲ. ಅವರು ಅವತ್ತು ಪ್ಲಂಬರನ್ನು ಕರೆಸಿದ್ದರು. ಪ್ಲಂಬರ್ ಬಂದು ಚೀಲ ಇಳಿಸಿ ಸ್ಪ್ಯಾನರ್ ತೆಗೆಯುವಷ್ಟರಲ್ಲಿ ಕಾರ್ಯದರ್ಶಿಗಳಿಗೆ ಭಾವನ ಸುದ್ದಿ ಮುಟ್ಟಿತು.

"ನಿಲ್ಲಪ್ಪಾ!" ಅಂದರು ಕಾರ್ಯದರ್ಶಿಗಳು. "ನೀರು, ಗಾಳಿ ವಿಷಯದಲ್ಲಿ ಪ್ರಪಂಚಕ್ಕೇ ಗೊತ್ತಿರೋ ವಿಜ್ಞಾನಿ ನಮ್ಮ ಗ್ರೌಂಡ್ ಫ್ಲೋರಲ್ಲೇ ಇದ್ದಾರೆ. ಅವರು ನೋಡೋವರೆಗೂ ಯಾರೂ ಏನೂ ಮುಟ್ಟಬಾರದು."

ಪ್ಲಂಬರ್ ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡ. ಕಾರ್ಯದರ್ಶಿಗಳು ನೇರವಾಗಿ ಭಾವನ ಬಾಗಿಲಿಗೆ ಬಂದರು. ಹಿಂದೆ ಟೀಚರ್, ಅವರ ಹಿಂದೆ ನಾನು. ಭಾವ ಒಂದು ಕ್ಷಣ ನನ್ನ ಮುಖ ನೋಡಿದರು. "ಹೇಳಿಬಿಡಿ ಭಾವ" ಎಂದು ನಾನು ಕಣ್ಣಲ್ಲೇ ಹೇಳಿದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು, "ಇದೇನು ಅವರಿಗೆ ದೊಡ್ಡ ಕೆಲಸಾನಾ? ನೋಡ್ತಾರೆ ಬಿಡಿ!" ಅಂದಳು. ಟೀಚರ್ ಕೈ ಮುಗಿದರು. ಭಾವ ಎರಡೂ ಕೈ ಹಿಂದೆ ಕಟ್ಟಿಕೊಂಡು, "ಅಳತೆ ತಗೋಬೇಕು" ಅಂದರು.

ಅಳತೆ ತೆಗೆದುಕೊಂಡದ್ದು ನಾವಿಬ್ಬರೇ. ಅಕ್ಕನ ಹೊಲಿಗೆ ಟೇಪು ಸಂಪಿನೊಳಗೆ ಬಿತ್ತು, ಅದನ್ನು ಎತ್ತಲು ಹೋಗಿ ಭಾವನ ಕನ್ನಡಕ ಬಿತ್ತು, ಅದನ್ನು ಎತ್ತಲು ನಾನೇ ಇಳಿದೆ. ಸಂಪಿನ ಉದ್ದ ಅಗಲ, ಪೈಪುಗಳ ದಪ್ಪ, ನೀರು ಎಲ್ಲಿ ಬೀಳುತ್ತದೆ, ಪಂಪಿನ ಬಾಯಿ ಎಲ್ಲಿದೆ, ಎಲ್ಲವನ್ನೂ ಬರೆದು ಭಾವ ಆ ಸಂಶೋಧಕಿಗೆ ಕೊಟ್ಟರು. ಆಕೆ ಪಾಪ, ಬಿಡುವು ಮಾಡಿಕೊಂಡು ಆ ಸಾಫ್ಟ್‌ವೇರಿನಲ್ಲಿ ನಮ್ಮ ಸಂಪನ್ನೂ ಟ್ಯಾಂಕನ್ನೂ ಕಟ್ಟಿ, ನೀರು ಹರಿಸಿ, ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊಟ್ಟರು.

"ಎಲ್ಲಾ ಅರ್ಥ ಆಯ್ತಲ್ವಾ ಸರ್?" ಎಂದು ಕೇಳಿದರಂತೆ.

ಆಗ ಭಾವನ ಜೊತೆ ಅವರ ಆಫೀಸಿನವರು ಇಬ್ಬರು ನಿಂತಿದ್ದರು. ಒಂದು ವಾರ ಪೂರ್ತಿ "ಅರ್ಥ ಆಗ್ಲಿಲ್ಲ" ಅನ್ನುವುದನ್ನೇ ವೃತ್ತಿ ಮಾಡಿಕೊಂಡಿದ್ದ ಮನುಷ್ಯ ಈಗ, "ಅರ್ಥ ಆಗ್ದೇ ಇರೋಕೆ ಇದ್ರಲ್ಲಿ ಏನಿದೆ?" ಎಂದು ಹಾಳೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು.

ಶುಕ್ರವಾರ ಸಂಜೆ ಅಂಗಳದಲ್ಲಿ ಮೀಟಿಂಗ್. ಗೋಡೆಗೆ ಚಿತ್ರ ಅಂಟಿಸಿದರು. ಚೆಂದದ ಚಿತ್ರ, ಸುಳ್ಳು ಹೇಳಬಾರದು. ಒಂದು ಕಡೆ ಟ್ಯಾಂಕು. ಅದರ ಮೇಲಿನ ಬಹುಭಾಗ ತಿಳಿ ನೀಲಿ, ತಳದಲ್ಲಿ ಮಾತ್ರ ತೆಳ್ಳಗೆ ಕೆಂಪು ಪಟ್ಟಿ. ಇನ್ನೊಂದು ಕಡೆ ಸಂಪು. ಅದು ಬಹುಪಾಲು ಕೆಂಪು, ನಡುವೆ ನೀಲಿ ಚುಕ್ಕೆಗಳ ಒಂದು ಸಾಲು. ಮೂಲೆಯಲ್ಲಿ ಬಣ್ಣದ ಒಂದು ಪಟ್ಟಿ, ಅದರ ನೀಲಿ ತುದಿಯಲ್ಲಿ ಸೊನ್ನೆ, ಕೆಂಪು ತುದಿಯಲ್ಲಿ ಒಂದು.

ಭಾವ ಉದ್ದದ ಕೋಲು ಹಿಡಿದು ಶುರು ಮಾಡಿದರು. "ನೀಲಿ ಇರೋದು ನೀರು. ಅದನ್ನ ಹೇಳ್ಬೇಕಾಗಿಲ್ಲ. ಟ್ಯಾಂಕ್ ನೋಡಿ. ತುಂಬಾ ನೀರಿದೆ!"

ಜನ ಹೌದೌದು ಅಂದರು.

"ಆದ್ರೆ ನೀರು ಎಲ್ಲಿದೆ? ಮೇಲಿದೆ. ಕೆಳಗೆ ಈ ಕೆಂಪು ಇದೆಯಲ್ಲ, ಅದು ಗಾಳಿ. ಒತ್ತಡಕ್ಕೆ ಸಿಕ್ಕು ಕೆಂಪಗಾಗಿದೆ. ನಮ್ಮ ಪೈಪ್ ಎಲ್ಲಿದೆ? ತಳದಲ್ಲಿ. ಗಾಳಿ ಇರೋ ಕಡೆ ಪೈಪ್ ಇಟ್ಟು ನೀರು ಕೊಡು ಅಂದ್ರೆ ಅದೆಲ್ಲಿಂದ ಕೊಡುತ್ತೆ?"

ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಇಷ್ಟು ಕಾಲ ಆ ತಪ್ಪಿನ ಕೆಳಗೇ ಸಂಸಾರ ಮಾಡಿದೆವಲ್ಲ ಎಂದು ಹಿರಿಯರೊಬ್ಬರು ತಲೆ ಚಚ್ಚಿಕೊಂಡರು. ಪ್ಲಂಬರ್ ಮಾತ್ರ ಹಿಂದಿನಿಂದ ಕೈ ಎತ್ತಿ, "ಗಾಳಿ ಮೇಲಲ್ವಾ ಸರ್ ಇರೋದು?" ಅಂದ.

"ಸಾಮಾನ್ಯ ಟ್ಯಾಂಕಲ್ಲಿ," ಅಂದರು ಭಾವ.

"ಮತ್ತೆ ಸಂಪಲ್ಲೂ ಎಲ್ಲಾ ಕೆಂಪಿದೆ. ಹಾಗಾದ್ರೆ ಅಲ್ಲೂ ಬರೀ ಗಾಳೀನಾ? ನಾನು ಈಗ್ತಾನೆ ಇಳಿದು ಬಂದೆ ಸರ್, ಮೊಣಕಾಲವರೆಗೂ ನೀರಿದೆ."

"ಅದು ಕಣ್ಣಿಗೆ ಕಾಣೋ ನೀರು," ಅಂದರು ಭಾವ.

ಪ್ಲಂಬರ್ ತನ್ನ ಒದ್ದೆ ಪ್ಯಾಂಟನ್ನು ಒಮ್ಮೆ ನೋಡಿಕೊಂಡ. ಕಾರ್ಯದರ್ಶಿಗಳು ಎದ್ದು ಚಿತ್ರದ ಹತ್ತಿರ ಹೋಗಿ, "ಎಷ್ಟು ಸ್ಪಷ್ಟವಾಗಿದೆ ನೋಡಿ! ಮಗುವಿಗೂ ಅರ್ಥ ಆಗುತ್ತೆ! ಈ ಸೊನ್ನೆ, ಒಂದು ಅಂದ್ರೆ ಏನು ಸರ್?" ಎಂದು ಕೇಳಿದರು. "ಸೊನ್ನೆ ಅಂದ್ರೆ ಏನೂ ಅಪಾಯ ಇಲ್ಲ ಅಂತ. ಒಂದು ಅಂದ್ರೆ ಅಪಾಯ" ಎಂದರು ಭಾವ. ಎಲ್ಲರೂ ಕೆಂಪು ಪಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ, ಸುಮ್ಮನೆ ಏನಕ್ಕೆ ಸುಳ್ಳು ಹೇಳಲಿ?

ಕಾರ್ಯದರ್ಶಿಗಳು ತಮ್ಮ ಹೆಸರಲ್ಲೇ ಠರಾವು ಮಾಡಿದಂತೆ ಶನಿವಾರ ಪ್ಲಂಬರ್ ಟ್ಯಾಂಕಿನ ತಳದಲ್ಲಿದ್ದ ಪೈಪನ್ನು ಕಿತ್ತು, ಆ ತೂತು ಮುಚ್ಚಿ, ಟ್ಯಾಂಕಿನ ಕುತ್ತಿಗೆಯ ಹತ್ತಿರ ಹೊಸ ತೂತು ಕೊರೆದು ಅಲ್ಲಿಗೆ ಜೋಡಿಸಿದ. ಭಾವ ಛತ್ರಿ ಹಿಡಿದುಕೊಂಡು ಮೇಲ್ವಿಚಾರಣೆ ಮಾಡಿದರು. ಕೆಲಸ ಮುಗಿದ ಮೇಲೆ ಎಲ್ಲರೂ ತಂತಮ್ಮ ಮನೆಗೆ ಹೋಗಿ ನಲ್ಲಿ ತಿರುಗಿಸಿ ಕಾದರು.

ಒಂದು ಹನಿ ಬರಲಿಲ್ಲ. ಮೇಲಿನ ಮನೆಯ ನಲ್ಲಿ ಕೆಮ್ಮುವುದನ್ನೂ ನಿಲ್ಲಿಸಿತು. ಅಲ್ಲಿಯವರೆಗೆ ಟೀಚರ್ ಒಬ್ಬರಿಗೇ ಇದ್ದ ಕಷ್ಟವನ್ನು ಭಾವ ಎಲ್ಲ ಮನೆಗೂ ಸಮನಾಗಿ ಹಂಚಿಬಿಟ್ಟರು.

"ಪೈಪ್ ಹೊಸ ಜಾಗಕ್ಕೆ ಹೊಂದ್ಕೋಬೇಕು, ಟೈಮ್ ಕೊಡಿ," ಅಂದರು ಭಾವ. ಕೊಟ್ಟೆವು. ರಾತ್ರಿಯಾಯಿತು. ಭಾನುವಾರ ಬೆಳಗಾಯಿತು. ಸಂಪಿನ ಸುತ್ತ ಬಕೆಟ್ಟುಗಳ ಸಾಲು ಗೇಟಿನವರೆಗೆ ಬಂತು. ಶುಕ್ರವಾರದವರೆಗೆ ಭಾವನಿಗೆ ದಾರಿ ಬಿಡಲು ಗೋಡೆಗೆ ಅಂಟಿಕೊಂಡವರು ಈಗ ಅವರ ಭುಜಕ್ಕೆ ಗುದ್ದಿಕೊಂಡೇ ಹೋಗುತ್ತಿದ್ದರು. ಎದುರು ಮನೆಯಾಕೆ ಅಕ್ಕನಿಗೆ ಕೇಳುವಂತೆ, "ವಿಜ್ಞಾನಿಗಳ ಮನೇಲಿ ಪಾತ್ರೆ ಹೇಗೆ ತೊಳೀತಾರೋ!" ಅಂದಳು. ಅಕ್ಕ ಅದಕ್ಕೆ ಜವಾಬು ಕೊಡದೆ ಒಳಗೆ ಬಂದು ಭಾವನಿಗೆ ಕೊಟ್ಟಳು. ಭಾವ ಬೆಳಗಿನಿಂದ ಒಂದೇ ಸಮನೆ ಟೀಚರ್ ಮನೆಗೆ ಬಕೆಟ್ ಹೊರುತ್ತಿದ್ದರು. ಮೂರು ಮಹಡಿ ಹತ್ತುವಷ್ಟರಲ್ಲಿ ಅರ್ಧ ನೀರು ಅವರ ಕಾಲಿಗೇ ಆಗುತ್ತಿತ್ತು.

ಮಧ್ಯಾಹ್ನ ದೊಡ್ಡ ಭಾವ ಬಂದರು. ಕಾರ್ಯದರ್ಶಿಗಳೇ ಫೋನ್ ಮಾಡಿ ಕರೆಸಿದ್ದು. ಎಲ್ಲರೂ ತಾರಸಿಗೆ ಹೋದೆವು. ದೊಡ್ಡ ಭಾವ ಟ್ಯಾಂಕಿನ ಸುತ್ತ ಪ್ರದಕ್ಷಿಣೆ ಬಂದರು. ಕುತ್ತಿಗೆಗೆ ಕಟ್ಟಿದ ಪೈಪನ್ನು ನೋಡಿ ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಬರೆದು ತೋರಿಸಲಾರೆ. ಅವರ ಮದುವೆಯ ಫೋಟೋದಲ್ಲೂ ಅಷ್ಟು ಸಂತೋಷ ಇಲ್ಲ.

"ಈ ಐಡಿಯಾ ಯಾರದ್ದು?" ಅಂದರು, ಗೊತ್ತಿದ್ದೂ.

ಚಿಕ್ಕ ಭಾವ ಬಕೆಟ್ ಕೆಳಗಿಟ್ಟರು. ದೊಡ್ಡ ಭಾವ ಕಾರ್ಯದರ್ಶಿಗಳು ಬಿಚ್ಚಿ ತಂದಿದ್ದ ಚಿತ್ರವನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ಗಂಭೀರವಾಗಿ ನೋಡಿ, ಹೂಂಗುಟ್ಟಿ, "ನಂಗೆ ಮೊದ್ಲೇ ಗೊತ್ತಿತ್ತು. ಇದಕ್ಕೆ ಪಂಪು ಸಾಲದು. ಡಬಲ್ ಸೈಜಿನ ಪಂಪು ಬೇಕು. ಅದಕ್ಕೆ ನಮ್ಮ ಆಫೀಸಿಂದ ಅನುಮತಿ ಆಗ್ಬೇಕು. ನಾನೇ ಖುದ್ದು ನಿಂತು ಮಾಡಿಸಿದ್ರೂ ಮೂರು ತಿಂಗಳು" ಅಂದರು.

"ಮೂರು ತಿಂಗಳಾ?" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಟೀಚರ್ ಕೂಗಲಿಲ್ಲ. "ಹಾಗಾದ್ರೆ ನಾನು ಮಕ್ಕಳ ಸಾಮಾನು ಕಟ್ಟಿಡ್ತೀನಿ. ನಾಳೆ ಬೆಳಿಗ್ಗೆ ಅವರವರ ಅಪ್ಪ ಅಮ್ಮ ಬಂದಾಗ ಕೊಡೋಕೆ ಸುಲಭ ಆಗುತ್ತೆ" ಅಂದರು. ಯಾರ ಮೇಲೂ ಸಿಟ್ಟಿಲ್ಲದೆ ಹಾಗೆ ಹೇಳಿ ಮೆಟ್ಟಿಲಿನ ಕಡೆ ತಿರುಗಿದರು. ನನ್ನ ಮಗಳ ಪುಟ್ಟ ಚಾಪೆಯೂ ಆ ಸಾಮಾನಿನಲ್ಲಿ ಇತ್ತು.

"ಟೀಚರ್, ಒಂದ್ನಿಮಿಷ ನಿಲ್ಲಿ," ಅಂದರು ಚಿಕ್ಕ ಭಾವ.

ಜೇಬಿನಿಂದ ಫೋನ್ ತೆಗೆದರು. ಸಂಶೋಧಕಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. "ಅಮ್ಮಾ, ನೀವು ಕೊಟ್ಟ ಚಿತ್ರ ಇದೆಯಲ್ಲ, ಅದರಲ್ಲಿ ಯಾವ ಬಣ್ಣ ಯಾವುದು ಅಂತ ಒಂದ್ಸಲ ಹೇಳಿ."

"ಕೆಂಪು ನೀರು, ನೀಲಿ ಗಾಳಿ," ಅಂದಿತು ಫೋನು. "ಒಂದು ಅಂದ್ರೆ ಪೂರ್ತಿ ನೀರು, ಸೊನ್ನೆ ಅಂದ್ರೆ ನೀರೇ ಇಲ್ಲ. ನಾವು ಯಾವಾಗ್ಲೂ ಹಾಗೇ ತೋರಿಸೋದು. ಯಾಕೆ ಸರ್?"

ಎಲ್ಲರೂ ಟ್ಯಾಂಕಿನ ಕುತ್ತಿಗೆಯಲ್ಲಿದ್ದ ಪೈಪನ್ನು ನೋಡಿದರು. ಹನ್ನೆರಡು ಸಂಸಾರಕ್ಕೆ ನಾವು ಬಲು ಮುತುವರ್ಜಿಯಿಂದ ಗಾಳಿಯ ಕನೆಕ್ಷನ್ ಕೊಟ್ಟಿದ್ದೆವು.

"ಅಯ್ಯೋ, ತಿರುಗಾಮುರುಗಾ ಓದಿದ್ರಾ?" ಅಂದರು ಸಂಶೋಧಕಿ. "ಪಕ್ಕದಲ್ಲಿ ನಾವು ಬರೀಬೇಕಾಗಿತ್ತು, ನಮ್ದೂ ತಪ್ಪಿದೆ."

ಕಾರ್ಯದರ್ಶಿಗಳು ಆ ಮಾತನ್ನು ಹಾರಿ ಹಿಡಿದರು. ಮೀಟಿಂಗಿನಲ್ಲಿ ಠರಾವು ಅವರ ಹೆಸರಲ್ಲೇ ಆಗಿತ್ತಲ್ಲ. "ನೋಡಿ, ಒಪ್ಕೊಂಡ್ರು! ಸಾಫ್ಟ್‌ವೇರ್ ತಪ್ಪು! ನಮ್ಮ ವಿಜ್ಞಾನಿಗಳದ್ದೇನೂ ತಪ್ಪಿಲ್ಲ! ಪುಕ್ಕಟೆ ಸಿಗೋದು ಹೀಗೇ ಇರೋದು!" ನಾಲ್ಕಾರು ಜನ ಹೌದೌದು ಅಂದರು. ಅಕ್ಕನ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಭಾವ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಅಲ್ಲಿಗೆ ಮರ್ಯಾದೆ ಉಳಿಯುತ್ತಿತ್ತು.

"ಅಲ್ಲ," ಅಂದರು ಭಾವ. "ಸಾಫ್ಟ್‌ವೇರ್ ತಪ್ಪಲ್ಲ. ಚಿತ್ರ ಕೊಡುವಾಗ್ಲೇ ಅವರು ಕೇಳಿದ್ರು, ಅರ್ಥ ಆಯ್ತಾ ಅಂತ. ಆಗಿರ್ಲಿಲ್ಲ. ಆಯ್ತು ಅಂದೆ. ಆ ಪುಟದಲ್ಲಿ ನನ್ನ ಹೆಸರು ಯಾಕಿದೆ ಗೊತ್ತಾ? ಅವರಿಗೆ ಏನೂ ಗೊತ್ತಿಲ್ಲದವನು ಒಬ್ಬ ಬೇಕಾಗಿತ್ತು. ಇಡೀ ಕಾಲೇಜಲ್ಲಿ ಹುಡುಕಿದ್ರು, ನಾನು ಸಿಕ್ಕಿದೆ. ಅಷ್ಟೇ ನನ್ನ ವಿಜ್ಞಾನ. ಅಲ್ಲಿ ಗೊತ್ತಿಲ್ಲ ಅನ್ನೋಕೆ ನಂಗೆ ನಾಚಿಕೆ ಆಗ್ಲಿಲ್ಲ. ಇಲ್ಲಿ ಆಯ್ತು." ದೊಡ್ಡ ಭಾವನ ಕಡೆ ತಿರುಗಿ, "ಮುಖ್ಯವಾಗಿ ಇವರ ಮುಂದೆ ಆಯ್ತು" ಅಂದರು. ಆಮೇಲೆ ಟೀಚರ್ ಕಡೆ ತಿರುಗಿ ಕೈ ಮುಗಿದರು.

ಮೊದಲು ಪ್ಲಂಬರ್ ಗಂಟಲು ಸರಿಮಾಡಿಕೊಂಡು, "ನಂಗೂ ಒಳಗೊಳಗೇ ಅನ್ನಿಸ್ತಿತ್ತು ಸರ್, ಆದ್ರೆ ವಿಜ್ಞಾನ ಅಂದ್ರಲ್ಲಾ ಅಂತ ಸುಮ್ನಾದೆ" ಅಂದ. ಕಾರ್ಯದರ್ಶಿಗಳು ತಲೆ ಕೆರೆದುಕೊಂಡು, "ಅವತ್ತು ನಾನು ಕನ್ನಡಕಾನೇ ತಂದಿರ್ಲಿಲ್ಲ" ಎಂದರು. ತಲೆ ಚಚ್ಚಿಕೊಂಡಿದ್ದ ಹಿರಿಯರು ತಮಗೆ ಕೆಂಪು, ನೀಲಿ ಎರಡೂ ಒಂದೇ ತರಹ ಕಾಣುತ್ತದೆಂದು ಬಹಿರಂಗಪಡಿಸಿದರು. ಅಷ್ಟು ಹೊತ್ತಿನಿಂದ ದೊಡ್ಡ ಭಾವ ಚಿತ್ರವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ಈಗ ಯಾರಿಗೂ ಕಾಣದ ಹಾಗೆ ಮೆಲ್ಲಗೆ ತಿರುಗಿಸಿಕೊಂಡರು. ನನಗೆ ಕಂಡಿತು.

ಎಲ್ಲರೂ ಹಾಳೆಯನ್ನು ನೆಲದ ಮೇಲೆ ಹರಡಿ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಫೋನಿನಲ್ಲಿ ಸಂಶೋಧಕಿ ಒಂದೊಂದೇ ಹೇಳುತ್ತಾ ಹೋದರು. ಭಾವ ಸಾಲು ಸಾಲಿಗೂ "ತಡೀರಿ ಅಮ್ಮಾ, ಇದು ಅರ್ಥ ಆಗ್ಲಿಲ್ಲ" ಎಂದು ನಿಲ್ಲಿಸಿದರು. ಪ್ರತಿ ಸಲ ಅವರು ನಿಲ್ಲಿಸಿದಾಗಲೂ ಉಳಿದವರೆಲ್ಲ ಸಮಾಧಾನದ ಉಸಿರು ಬಿಟ್ಟರು, ಏಕೆಂದರೆ ಅದು ಅವರಿಗೂ ಅರ್ಥ ಆಗಿರಲಿಲ್ಲ. ಕೊನೆಗೆ ಸಂಪಿನ ಚಿತ್ರದಲ್ಲಿ ಆ ನೀಲಿ ಚುಕ್ಕೆಗಳು ಏನು ಅನ್ನುವುದು ಬಯಲಾಯಿತು. ಬೀದಿ ಪೈಪಿನ ನೀರು ಮೇಲಿನಿಂದ ಧೊಪ್ಪನೆ ಬೀಳುತ್ತಿದ್ದದ್ದು ಪಂಪಿನ ಬಾಯಿ ಇದ್ದಲ್ಲೇ. ಬೀಳುವಾಗ ಗಾಳಿಯನ್ನೂ ಗುಳ್ಳೆಯಾಗಿ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಪಂಪು ಅದನ್ನೇ ಕುಡಿದು, ನೀರಿಗಿಂತ ಗಾಳಿಯನ್ನೇ ಹೆಚ್ಚಾಗಿ ಮೇಲಕ್ಕೆ ಕಳಿಸುತ್ತಿತ್ತು.

"ಬೀಳೋ ಪೈಪನ್ನ ಆ ಕಡೆ ಮೂಲೆಗೆ ಎಳೆದು ನೀರಿನೊಳಗೆ ಮುಳುಗಿಸಿಬಿಟ್ರೆ?" ಎಂದು ಕೇಳಿದ ಪ್ಲಂಬರ್.

"ಅಷ್ಟೇ ಸಾಕು," ಅಂದಿತು ಫೋನು.

"ಅದನ್ನೇ ನಾನು ಹೇಳೋಕೆ ಬಂದಿದ್ದು," ಅಂದರು ದೊಡ್ಡ ಭಾವ. ಅವರ ಕೈಗೆ ಒಂದು ಸ್ಪ್ಯಾನರ್ ಕೊಟ್ಟೆವು.

ಸಂಜೆಯೊಳಗೆ ಕೆಲಸ ಮುಗಿಯಿತು. ಟ್ಯಾಂಕಿನ ಪೈಪನ್ನು ಮತ್ತೆ ತಳಕ್ಕೆ ಇಳಿಸಿದ್ದಾಯಿತು, ಕುತ್ತಿಗೆಯ ತೂತು ಮುಚ್ಚಿದ್ದಾಯಿತು, ಸಂಪಿನ ಪೈಪು ಮೂಲೆಗೆ ಹೋಯಿತು. ಇಬ್ಬರು ಭಾವಂದಿರೂ ಒಟ್ಟಿಗೆ ಸಂಪಿನೊಳಗೆ ನಿಂತದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಪಂಪು ಹಾಕಿದರು. ಎಲ್ಲರೂ ತಾರಸಿಗೆ ಓಡಿ ಟ್ಯಾಂಕಿನೊಳಗೆ ಇಣುಕಿದೆವು. ಗುಡುಗುಡು ಇಲ್ಲ, ಕೆಮ್ಮಿಲ್ಲ. ನೀರು ದಪ್ಪಗೆ ಒಂದೇ ಸಮನೆ ಬೀಳುತ್ತಿತ್ತು. ಟ್ಯಾಂಕು ಕಾಲು ತುಂಬಿತು, ಅರ್ಧ ತುಂಬಿತು. ಚಪ್ಪಾಳೆ ತಟ್ಟಿದೆವು. ಕಾರ್ಯದರ್ಶಿಗಳು ಭಾಷಣ ಶುರು ಮಾಡಿದರು.

ಆ ಸಂಭ್ರಮದಲ್ಲಿ ಒಂದು ಸಣ್ಣ ವಿಷಯ ಯಾರ ತಲೆಗೂ ಹೊಳೆಯಲಿಲ್ಲ. ಶನಿವಾರದಿಂದ ಕಟ್ಟಡದ ಪ್ರತಿ ಮನೆಯಲ್ಲೂ ಪ್ರತಿಯೊಬ್ಬರೂ ಅಡುಗೆಮನೆ, ಬಚ್ಚಲು, ಬಾಲ್ಕನಿ ಎನ್ನದೆ ಇದ್ದಬದ್ದ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದ್ದರು. ಬರಲಿಲ್ಲ ಎಂದು ಬೈದುಕೊಂಡು ಹಾಗೇ ಬಿಟ್ಟಿದ್ದರು. ನಲ್ಲಿಗಳ ಕೆಳಗಿಟ್ಟಿದ್ದ ಬಟ್ಟೆ, ಪಾತ್ರೆ ಯಾವುದನ್ನೂ ಎತ್ತಿರಲಿಲ್ಲ, ನೀರು ಹೋಗುವ ತೂತುಗಳೆಲ್ಲ ಮುಚ್ಚಿಕೊಂಡಿದ್ದವು.

ಮೊದಲು ಕೂಗಿದ್ದು ಟೀಚರ್. "ಬಂತು! ಬಂತು!" ಎಂದು ಕೆಳಗಿನಿಂದ ಅವರ ದನಿ ಕೇಳಿತು. ಓಡಿ ಹೋದೆವು. ಬಾಗಿಲು ತೆಗೆದಿತ್ತು, ಕಟ್ಟಿಟ್ಟ ಮಕ್ಕಳ ಚಾಪೆಗಳ ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಟೀಚರ್ ಹಿಮ್ಮಡಿ ಮುಳುಗುವ ನೀರಿನಲ್ಲಿ ನಿಂತಿದ್ದರು. ನಾಲ್ಕು ನಲ್ಲಿಗಳೂ ಭೋರ್ಗರೆಯುತ್ತಿದ್ದವು. ಅವರು ನಗುತ್ತಿದ್ದರು, ಕಣ್ಣಲ್ಲೂ ನೀರು. "ನಲ್ಲಿ ನಿಲ್ಲಿಸಿ ಟೀಚರ್!" ಎಂದು ನಾನು ಕೂಗಿದೆ. "ಇನ್ನೂ ಒಂಚೂರು ಇರ್ಲಿ ಬಿಡಪ್ಪಾ," ಅಂದರು. ಆಮೇಲೆ ಚಿಕ್ಕ ಭಾವನ ಕಡೆ ತಿರುಗಿ, "ನಾಳೆ ಮಕ್ಕಳು ಬರ್ತಾರೆ. ಈ ಗಂಟು ಬಿಚ್ಚೋಕೆ ಬೆಳಿಗ್ಗೆ ಬಂದು ಕೈ ಜೋಡಿಸಿ" ಅಂದರು. ಭಾವ ತಲೆಯಾಡಿಸಿ, ಕಣ್ಣು ಒರೆಸಿಕೊಂಡು, ನಲ್ಲಿ ನಿಲ್ಲಿಸುವುದಕ್ಕೆ ಹೋಗಿ ಜಾರಿ ಬಿದ್ದರು.

ಅಷ್ಟರಲ್ಲಿ ಎಲ್ಲ ಮಹಡಿಯಿಂದಲೂ ಬೊಬ್ಬೆ ಎದ್ದಿತು. ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಎರಡನೇ ಮಹಡಿಯದು ಸೇರಿತು, ನಮ್ಮದು ಸೇರಿತು, ಯಾರದೋ ಚಪ್ಪಲಿ ತೇಲಿ ಬಂತು. ನಾವೆಲ್ಲ ಕಂಬಿ ಹಿಡಿದುಕೊಂಡು ನೀರಿನ ಹಿಂದೆಯೇ ಇಳಿದೆವು. ಕೊನೆಗೆ ಎಲ್ಲ ಮನೆಗಳ ನೀರೂ ಒಟ್ಟಾಗಿ ನೆಲ ಮಹಡಿಗೆ, ಅಂದರೆ ಅಕ್ಕನ ಮನೆಗೆ ಬಂದು ಮುಟ್ಟಿತು.

ಅಕ್ಕ ನಡುಮನೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕುರ್ಚಿಯ ಕಾಲುಗಳು ಕಾಣುತ್ತಿರಲಿಲ್ಲ. ಅವಳ ಹೊಲಿಗೆ ಬುಟ್ಟಿ ಮೆಲ್ಲಗೆ ಸುತ್ತುತ್ತಾ ಬಾಗಿಲ ಕಡೆ ಹೊರಟಿತ್ತು. ಭಾವ ಒದ್ದೆ ಮುದ್ದೆಯಾಗಿ ಹೊಸಿಲಲ್ಲಿ ನಿಂತರು. ಅವರ ಹಿಂದೆ ದೊಡ್ಡ ಭಾವ, ಕಾರ್ಯದರ್ಶಿಗಳು, ಪ್ಲಂಬರ್, ನಾನು.

"ಬನ್ನಿ ವಿಜ್ಞಾನಿಗಳೇ," ಅಂದಳು ಅಕ್ಕ. "ಸ್ವಲ್ಪ ನೋಡಿ ಹೇಳಿ. ಇದೇನ್ರೀ, ನೀರಾ, ಗಾಳೀನಾ?"

ಭಾವ ನಿಧಾನವಾಗಿ ಬಗ್ಗಿದರು. ಕಾಲ ಬುಡದಲ್ಲಿ ಹರಿಯುತ್ತಿದ್ದುದರಲ್ಲಿ ಒಂದು ಬೆರಳು ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ನನ್ನ ಒಬ್ಬನ ಮಾತು ನಂಬಬೇಡ ಕಣೇ," ಅಂದರು. "ಯಾರನ್ನಾದ್ರೂ ಕೇಳೋಣ."